ಹಸುರು ದೀಪ ಉರಿಯುತ್ತಿದ್ದರೂ ಬ್ಯಾಟರಿ ತುಂಬಿರಲಿಲ್ಲ: ಸೋಲಾರ್ ಚಾರ್ಜ್ ಕಂಟ್ರೋಲರಿನ ಅಂಕಿಗಳನ್ನು ತಿದ್ದಿದ ದಾಖಲೆ

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮೇಲ್ಬದಿಯಲ್ಲಿರುವ ನಮ್ಮ ಮನೆಗೆ ಸೋಲಾರ್ ಹಾಕಿ ಈ ಫೆಬ್ರವರಿಗೆ ಎರಡು ವರ್ಷ ತುಂಬಿತು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟು ಇಲ್ಲದೆ ಕಳೆಯುವ ಊರು ನಮ್ಮದು. ಆದ್ದರಿಂದ ದೀಪ, ನಾಲ್ಕು ಫ್ಯಾನ್, ಟಿವಿ ಮತ್ತು ಇಂಟರ್‌ನೆಟ್ಟಿನ ಪೆಟ್ಟಿಗೆ ಇಷ್ಟಾದರೂ ನಿಲ್ಲದೆ ನಡೆಯಲಿ ಎಂಬುದೇ ನಮ್ಮ ಉದ್ದೇಶವಾಗಿತ್ತು. ಮೊದಲ ವರ್ಷ ಅದು ಚೆನ್ನಾಗಿಯೇ ನಡೆಯಿತು. ಎರಡನೆಯ ವರ್ಷದ ಮಳೆಗಾಲ ಮುಗಿಯುವಾಗ ರಾತ್ರಿ ಹತ್ತು ಗಂಟೆಗೆಲ್ಲ ಇನ್ವರ್ಟರ್ ಕೂಗತೊಡಗಿತು. ಬ್ಯಾಟರಿ ಅಂಗಡಿಯವರು ಬಂದು ನೋಡಿ, ಬ್ಯಾಟರಿ ಹೋಗಿದೆ, ಹೊಸ ಜೋಡಿಗೆ 34,000 ರೂಪಾಯಿ ಆಗುತ್ತದೆ ಎಂದರು. ಆ ಹಣ ಕೊಡುವ ಮೊದಲು ಒಮ್ಮೆ ನಾನೇ ಅಳೆದು ನೋಡಬೇಕೆಂದು ಕುಳಿತದ್ದರಿಂದ ಈ ದಾಖಲೆ ಹುಟ್ಟಿತು. ನಮ್ಮಂತೆಯೇ ಆಮ್ಲದ ಟ್ಯೂಬ್ಯುಲರ್ ಬ್ಯಾಟರಿ ಇಟ್ಟುಕೊಂಡವರಿಗೆ ಉಪಯೋಗವಾಗಲೆಂದು, ತಪ್ಪಿದ್ದನ್ನೂ ಸೇರಿಸಿ, ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ನಮ್ಮಲ್ಲಿರುವ ಸಾಮಾನು ಹೀಗಿದೆ. 335 ವ್ಯಾಟಿನ ಎರಡು ಪ್ಯಾನೆಲ್‌ಗಳು ಪರಸ್ಪರ ಸಮಾಂತರವಾಗಿ ಜೋಡಣೆಗೊಂಡು ಹಟ್ಟಿಯ ಮಾಡಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಕುಳಿತಿವೆ. 12 ವೋಲ್ಟ್, 150 ಆಂಪಿಯರ್-ಅವರಿನ ಎರಡು ಟ್ಯೂಬ್ಯುಲರ್ ಬ್ಯಾಟರಿಗಳು ಸರಣಿಯಲ್ಲಿ ಸೇರಿ 24 ವೋಲ್ಟ್ ಆಗಿವೆ. ಪ್ಯಾನೆಲಿನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ನಿಯಂತ್ರಿಸುವ ಕಂಟ್ರೋಲರ್ 30 ಆಂಪಿಯರಿನ ಎಂಪಿಪಿಟಿ ಜಾತಿಯದು, ಅಂದರೆ ಪ್ಯಾನೆಲಿನಿಂದ ಸಿಗುವ ಗರಿಷ್ಠ ಶಕ್ತಿಯನ್ನು ಎಳೆಯುವಂಥದು. ಮನೆಯ ದೀಪ ಮತ್ತು ಫ್ಯಾನ್‌ಗಳಿಗೆ ಸಾಮಾನ್ಯ ಇನ್ವರ್ಟರ್ ಇದೆ. ಅದಕ್ಕೆ ಕರೆಂಟಿನಿಂದಲೂ ಬ್ಯಾಟರಿ ತುಂಬಿಸುವ ಸೌಲಭ್ಯವಿದೆ.

ಫೆಬ್ರವರಿ 11: ಮೊದಲ ಅಳತೆ

ಕಂಟ್ರೋಲರಿನ ಹಸುರು ದೀಪ ಮಧ್ಯಾಹ್ನ ಒಂದು ಗಂಟೆಗೇ ಸ್ಥಿರವಾಗಿ ಉರಿಯುತ್ತಿತ್ತು. ಬ್ಯಾಟರಿ ತುಂಬಿದೆ ಎಂದು ಅದರ ಅರ್ಥ. "ಹಸುರು ದೀಪ ಉಂಟಲ್ಲ, ಮತ್ತೆಂತಕ್ಕೆ ಬ್ಯಾಟರಿಯ ಬಿರಡೆ ಬಿಚ್ಚುವುದು?" ಎಂದು ಅಪ್ಪ ಕೇಳಿದರು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಪುತ್ತೂರಿನಿಂದ 180 ರೂಪಾಯಿಗೆ ತಂದ ಹೈಡ್ರೋಮೀಟರ್ ಬೇರೆಯೇ ಮಾತು ಹೇಳಿತು. ಅಂಗಡಿಯವರು ‘ಗ್ರಾವಿಟಿ’ ಎನ್ನುವ ಆಮ್ಲದ ಸಾಂದ್ರತೆ, ಪೂರ್ತಿ ತುಂಬಿದ ನಮ್ಮ ಬ್ಯಾಟರಿಯಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.240 ಇರಬೇಕು ಎಂದು ಅದರ ಕೈಪಿಡಿಯಲ್ಲಿಯೇ ಅಚ್ಚಾಗಿದೆ. ಮೊದಲ ಬ್ಯಾಟರಿಯ ಆರು ಸೆಲ್‌ಗಳಲ್ಲಿ 1.200ರಿಂದ 1.210 ಬಂತು, ಎರಡನೆಯದರಲ್ಲಿ 1.185ರಿಂದ 1.205. ಅದರ ನಾಲ್ಕನೆಯ ಸೆಲ್ ಎಲ್ಲಕ್ಕಿಂತ ಕೆಳಗಿತ್ತು. ಅಂದರೆ ಹಸುರು ದೀಪ ಉರಿಯುವಾಗಲೂ ಬ್ಯಾಟರಿ ಪೂರ್ತಿಯಾಗಿ ತುಂಬುತ್ತಿರಲಿಲ್ಲ. ಹೀಗೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ನಿಂತ ಬ್ಯಾಟರಿಯ ತಗಡುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ನಿಜವಾದ ಸಾಮರ್ಥ್ಯವೇ ಇಳಿಯುತ್ತದೆ.

ಇದೇ ದಿನ ಒಂದು ತಪ್ಪೂ ನಡೆಯಿತು. ಒಂದು ಸೆಲ್ಲಿಗೆ ಡಿಸ್ಟಿಲ್ಡ್ ವಾಟರ್ ಹಾಕಿದ ಕೂಡಲೇ ಅಳೆದೆ, 1.170 ಬಂದದ್ದು ಕಂಡು ಆ ಸೆಲ್ ಸತ್ತೇಹೋಯಿತೆಂದು ಗಾಬರಿಯಾಯಿತು. ಹೊಸದಾಗಿ ಹಾಕಿದ ನೀರು ಹಗುರ. ಅದು ಚಾರ್ಜಿನ ಗುಳ್ಳೆಗಳಿಂದ ಆಮ್ಲದೊಂದಿಗೆ ಬೆರೆಯುವವರೆಗೆ ಮೇಲೆಯೇ ನಿಲ್ಲುತ್ತದೆ. ಹೈಡ್ರೋಮೀಟರ್ ಎಳೆದುಕೊಂಡದ್ದು ಆ ಮೇಲಿನ ನೀರನ್ನೇ. ನೀರು ಹಾಕಿದರೆ ಒಂದು ಪೂರ್ತಿ ಚಾರ್ಜ್ ಕಳೆದ ಮೇಲೆಯೇ ಅಳೆಯಬೇಕು.

ಫೆಬ್ರವರಿ 23: ಅಳೆಯದೆ ಅಂಕಿ ಏರಿಸಿದ್ದು

ಕಂಟ್ರೋಲರಿನ ಒಳಗಿನ ಅಂಕಿಗಳನ್ನು ತೆರೆದು ನೋಡಿದಾಗ, ಬ್ಯಾಟರಿಯ ಜಾತಿ ‘ಸೀಲ್ಡ್’ (ನೀರು ಹಾಕಬೇಕಿಲ್ಲದ ಮುಚ್ಚಿದ ಬ್ಯಾಟರಿ) ಎಂದೇ ಇತ್ತು. ವೈರಿಂಗ್ ಮಾಡಿದವರು ಕಾರ್ಖಾನೆಯಿಂದ ಬಂದದ್ದನ್ನು ಹಾಗೆಯೇ ಬಿಟ್ಟಿದ್ದರು. ಅದರಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬಿಸುವ ‘ಬೂಸ್ಟ್’ ಹಂತಕ್ಕೆ 28.8 ವೋಲ್ಟ್, ತುಂಬಿದ್ದನ್ನು ಹಾಗೆಯೇ ಉಳಿಸುವ ‘ಫ್ಲೋಟ್’ ಹಂತಕ್ಕೆ 27.6 ವೋಲ್ಟ್, ಬೂಸ್ಟಿನ ಅವಧಿ 120 ನಿಮಿಷ. ಸಾಮರ್ಥ್ಯದ ಜಾಗದಲ್ಲಿ 300 ಆಂಪಿಯರ್-ಅವರ್ ಎಂದು ತುಂಬಿಸಿದ್ದರು. ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದರೆ ವೋಲ್ಟ್ ಕೂಡುತ್ತದೆಯೇ ಹೊರತು ಆಂಪಿಯರ್-ಅವರ್ ಕೂಡುವುದಿಲ್ಲ. ಅಲ್ಲಿ 150 ಇರಬೇಕಿತ್ತು.

ಬ್ಯಾಟರಿ ತುಂಬುತ್ತಿಲ್ಲ ಎಂದರೆ ವೋಲ್ಟೇಜ್ ಕಡಿಮೆಯಾಗಿದೆ, ಏರಿಸಿದರೆ ಸಾಕು ಎಂದು ನಾನು ತೀರ್ಮಾನಿಸಿದೆ. ಜಾತಿಯನ್ನು, ಅಂಕಿಗಳನ್ನು ನಾವೇ ತುಂಬಿಸಬಹುದಾದ ‘ಯೂಸರ್’ಗೆ ಬದಲಾಯಿಸಿ, ಬೂಸ್ಟನ್ನು 29.6 ವೋಲ್ಟಿಗೆ, ಅವಧಿಯನ್ನು 180 ನಿಮಿಷಕ್ಕೆ ಏರಿಸಿದೆ. ಒಂದು ಮೀಟರನ್ನೂ ಬ್ಯಾಟರಿಗೆ ಮುಟ್ಟಿಸಲಿಲ್ಲ. ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ.

ಎರಡು ವಾರದಲ್ಲಿ ಗ್ರಾವಿಟಿ 1.225ಕ್ಕೆ ಏರಿತು. ನನಗೆ ಬಹಳ ಸಂತೋಷವಾಯಿತು, ಮುಂದೆ ನೋಡುವುದನ್ನೇ ಬಿಟ್ಟೆ.

ಏಪ್ರಿಲ್ 2: ಕೋಣೆಯ ಹುಳಿ ವಾಸನೆ

ಬ್ಯಾಟರಿಗಳಿರುವುದು ಮನೆಯ ಹಿಂಬದಿಯ ಸಣ್ಣ ಕೋಣೆಯಲ್ಲಿ, ತಗಡಿನ ಶೀಟಿನ ಕೆಳಗೆ. ಆ ದಿನ ಮಧ್ಯಾಹ್ನ ಬಾಗಿಲು ತೆರೆದಾಗ ಗಂಟಲು ಕೆರೆಯುವಂಥ ಹುಳಿ ವಾಸನೆ ಬಂತು. ಬ್ಯಾಟರಿಯ ಮೇಲ್ಮೈ ತೇವವಾಗಿತ್ತು. ನೀರಿನ ಮಟ್ಟ ತೋರಿಸುವ ಬೆಂಡುಗಳು ಹನ್ನೆರಡರಲ್ಲಿ ಹತ್ತು ಕೆಂಪು ಗೆರೆಗಿಂತ ಕೆಳಗೆ ಇಳಿದಿದ್ದವು. ಐದೂವರೆ ವಾರದಲ್ಲಿ ಎರಡೂವರೆ ಲೀಟರು ನೀರು ಆವಿಯಾಗಿ, ಗುಳ್ಳೆಯಾಗಿ ಹೋಗಿತ್ತು. ಹಿಂದೆ ಅಷ್ಟು ನೀರು ನಾಲ್ಕು ತಿಂಗಳಿಗೂ ಬೇಕಾಗುತ್ತಿರಲಿಲ್ಲ. ಬ್ಯಾಟರಿಯ ಹೊಟ್ಟೆಗೆ ತಾಗಿಸಿಟ್ಟ ಥರ್ಮಾಮೀಟರ್ 39 ಡಿಗ್ರಿ ತೋರಿಸಿತು.

ಪಾಸಿಟಿವ್ ತುದಿಯಲ್ಲಿ, ಕೇಬಲನ್ನು ಬ್ಯಾಟರಿಗೆ ಸೇರಿಸುವ ತಾಮ್ರದ ಲಗ್ಗಿನ ಸುತ್ತ ನೀಲಿ-ಹಸುರು ಹುಡಿ ಹೂವಿನಂತೆ ಅರಳಿತ್ತು. ಅಡಿಕೆಗೆ ಮದ್ದು ಬಿಡುವ ನಮಗೆ ಆ ಬಣ್ಣದ ಪರಿಚಯ ಬೇರೆ ಬೇಕಾಗಿಲ್ಲ, ಅದು ಮೈಲುತುತ್ತು. ಬೋರ್ಡೋ ದ್ರಾವಣಕ್ಕೆ ಸುಣ್ಣದ ಜತೆಗೆ ಕರಗಿಸುವ ಅದೇ ತಾಮ್ರದ ಸಲ್ಫೇಟ್, ಇಲ್ಲಿ ಬ್ಯಾಟರಿಯ ಗಂಧಕಾಮ್ಲವು ಲಗ್ಗಿನ ತಾಮ್ರವನ್ನು ತಿಂದು ತಾನೇ ತಯಾರಾಗಿತ್ತು. ಆಮ್ಲದ ಹನಿಗಳು ಹೊರಗೆ ಸಿಡಿಯುತ್ತಿವೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಅದನ್ನು ಅಡಿಗೆ ಸೋಡಾ ಕಲಸಿದ ನೀರಿನಿಂದ, ಬಿರಡೆಗಳೆಲ್ಲ ಬಿಗಿಯಾಗಿವೆ ಎಂದು ನೋಡಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆ. ಸೋಡಾದ ನೀರು ಸೆಲ್ಲಿನ ಒಳಗೆ ಹೋದರೆ ಆಮ್ಲವೇ ಕೆಡುತ್ತದೆ.

ಹತ್ತಿರದವರೊಬ್ಬರು, ಗುಡ್ಡೆಯನ್ನು ಅಡ್ಡಲಾಗಿ ಕೊರೆದು ನೀರು ತೆಗೆಯುವ ಸುರಂಗದ ನೀರನ್ನೇ ಹಾಕಬಹುದಲ್ಲ ಎಂದರು. ನಮ್ಮ ಗುಡ್ಡೆಯ ಸುರಂಗದ ನೀರು ಕುಡಿಯಲು ಎಷ್ಟು ಸಿಹಿಯೋ ಎಷ್ಟು ತಿಳಿಯೋ ಆಗಿರಲಿ, ಕಲ್ಲು-ಮಣ್ಣಿನ ಲವಣಗಳು ಅದರಲ್ಲಿ ಕರಗಿಯೇ ಇರುತ್ತವೆ. ಬ್ಯಾಟರಿಗೆ ಅದು ಸಲ್ಲದು. ಐದು ಲೀಟರಿನ ಡಿಸ್ಟಿಲ್ಡ್ ವಾಟರ್ ಕ್ಯಾನಿಗೆ 110 ರೂಪಾಯಿ ಕೊಟ್ಟು ತಂದು ಹಾಕಿದೆ.

ಏಪ್ರಿಲ್ 6: ಮೀಟರ್ ಹಿಡಿದು ಕುಳಿತ ದಿನ

ಕಂಟ್ರೋಲರನ್ನು ಕಾರ್ಖಾನೆಯ ಅಂಕಿಗಳಿಗೆ ಹಿಂದಿರುಗಿಸಿ, ತಂತಿ ಬಿಚ್ಚದೆಯೇ ಆಂಪಿಯರ್ ಅಳೆಯುವ 2,350 ರೂಪಾಯಿಯ ಡಿಸಿ ಕ್ಲ್ಯಾಂಪ್ ಮೀಟರ್ ತರಿಸಿ, ಬೆಳಗ್ಗೆ ಹತ್ತರಿಂದ ಮೂರರವರೆಗೆ ಅರ್ಧ ಗಂಟೆಗೊಮ್ಮೆ ಮೂರು ಅಂಕಿಗಳನ್ನು ಬರೆದೆ: ಕಂಟ್ರೋಲರಿನ ಬ್ಯಾಟರಿ ತುದಿಯ ವೋಲ್ಟ್, ಬ್ಯಾಟರಿಯ ಕಂಬಗಳಲ್ಲಿ (ಕೇಬಲ್ ಕಟ್ಟುವ ತುದಿಗಳಲ್ಲಿ) ನೇರವಾಗಿ ಅಳೆದ ವೋಲ್ಟ್, ಮತ್ತು ಕೇಬಲಿನಲ್ಲಿ ಹರಿಯುವ ಆಂಪಿಯರ್.

ಹನ್ನೊಂದೂವರೆಗೆ ಕಂಟ್ರೋಲರ್ 28.8 ವೋಲ್ಟ್ ತೋರಿಸಿ ಬೂಸ್ಟಿನ ಗಡಿಯಾರವನ್ನು ಆರಂಭಿಸಿತು. ಅದೇ ಕ್ಷಣದಲ್ಲಿ ಬ್ಯಾಟರಿಯ ಕಂಬಗಳಲ್ಲಿ ಇದ್ದದ್ದು 27.7 ವೋಲ್ಟ್. ಹರಿಯುತ್ತಿದ್ದದ್ದು 18 ಆಂಪಿಯರ್. ಒಂದು ಪೂರ್ತಿ ವೋಲ್ಟಿಗಿಂತ ಹೆಚ್ಚು ದಾರಿಯಲ್ಲಿಯೇ ಕಳೆದುಹೋಗಿತ್ತು.

ಕಾರಣ ಹುಡುಕಲು ಕಷ್ಟವಾಗಲಿಲ್ಲ. ಪರದೆ ಎಲ್ಲರಿಗೂ ಕಾಣಲೆಂದು ಕಂಟ್ರೋಲರನ್ನು ಚಾವಡಿಯ ಗೋಡೆಗೆ ಹಾಕಿದ್ದರು. ಅಲ್ಲಿಂದ ಬ್ಯಾಟರಿಗೆ ಐದೂವರೆ ಮೀಟರು, ಹೋಗಿ ಬರುವ ದಾರಿ ಸೇರಿ 11 ಮೀಟರು, ಅದೂ 4 ಚದರ ಮಿಲಿಮೀಟರಿನ ಕೇಬಲ್. ಆ ದಪ್ಪದ ತಾಮ್ರಕ್ಕೆ ಮೀಟರಿಗೆ ಸುಮಾರು 4.7 ಮಿಲಿಓಮ್ ತಡೆ ಇರುತ್ತದೆ. 11 ಮೀಟರಿಗೆ 52 ಮಿಲಿಓಮ್. 18 ಆಂಪಿಯರ್ ಹರಿದರೆ 0.94 ವೋಲ್ಟ್ ಬೀಳುತ್ತದೆ. ಉಳಿದದ್ದು ಒಂದು ಲಗ್ಗಿನಲ್ಲಿ ಸಿಕ್ಕಿತು. ಮೀಟರಿನ ಒಂದು ಕಡ್ಡಿಯನ್ನು ಲಗ್ಗಿನ ತಲೆಗೂ ಇನ್ನೊಂದನ್ನು ಕೇಬಲಿನ ತಾಮ್ರಕ್ಕೂ ಚುಚ್ಚಿದಾಗ, ಎರಡು ಸೆಂಟಿಮೀಟರಿನ ಆ ಅಂತರದಲ್ಲಿಯೇ 0.15 ವೋಲ್ಟ್ ಕಂಡಿತು. ಬೆರಳಿಟ್ಟರೆ ಸುಡುತ್ತಿತ್ತು. ಎಳೆದು ನೋಡಿದರೆ ಇಕ್ಕುಳದಿಂದ ಚಪ್ಪಟೆ ಮಾಡಿ ಬಿಟ್ಟಿದ್ದ ಲಗ್ಗಿನಿಂದ ತಾಮ್ರದ ಎಳೆಗಳು ಮೂರು ಮಿಲಿಮೀಟರು ಹೊರಗೆ ಬಂದವು, ತುದಿ ಕಪ್ಪಾಗಿತ್ತು.

ಎರಡು ಗಂಟೆ ಕಳೆದು, ಒಂದೂವರೆಗೆ, ಕಂಟ್ರೋಲರ್ ಫ್ಲೋಟಿಗೆ ಇಳಿದು ಹಸುರು ದೀಪ ಸ್ಥಿರವಾಯಿತು. ಆ ಗಳಿಗೆಯಲ್ಲಿ ಬ್ಯಾಟರಿ ಇನ್ನೂ 9 ಆಂಪಿಯರ್ ತೆಗೆದುಕೊಳ್ಳುತ್ತಿತ್ತು. ಬೂಸ್ಟಿನ ವೋಲ್ಟೇಜಿನಲ್ಲಿ ನಿಂತಿರುವಾಗ ಬ್ಯಾಟರಿಗೆ ಹರಿಯುವ ಕರೆಂಟು ಅದರ ಸಾಮರ್ಥ್ಯದ ಶೇಕಡಾ 2ಕ್ಕೆ, ಅಂದರೆ ನಮ್ಮಲ್ಲಿ 3 ಆಂಪಿಯರಿಗೆ ಇಳಿದರೆ ಬ್ಯಾಟರಿ ತುಂಬಿತೆನ್ನಬಹುದು. 9 ಆಂಪಿಯರಿಗೆ ನಿಲ್ಲಿಸುವುದೆಂದರೆ ಊಟ ಅರ್ಧವಾಗುವಾಗ ಎಲೆ ಎತ್ತಿದಂತೆ.

ಇಷ್ಟು ಅಳೆದ ಮೇಲೆಯೇ ಫೆಬ್ರವರಿಯ ನನ್ನ ತಪ್ಪು ಏನೆಂದು ಅರ್ಥವಾಯಿತು. ಕೇಬಲಿನಲ್ಲಿ ಕಳೆಯುವ ವೋಲ್ಟ್ ಒಂದೇ ಸಮನೆ ಇರುವುದಿಲ್ಲ. 18 ಆಂಪಿಯರ್ ಹರಿಯುವಾಗ 1.1 ವೋಲ್ಟ್ ಕಳೆದರೆ, ಬ್ಯಾಟರಿ ತುಂಬುತ್ತ ಬಂದು 3 ಆಂಪಿಯರ್ ಹರಿಯುವಾಗ ಕಳೆಯುವುದು 0.2 ವೋಲ್ಟ್ ಕೂಡ ಅಲ್ಲ. ಆದ್ದರಿಂದ ಕಂಟ್ರೋಲರಿನಲ್ಲಿ 29.6 ಎಂದು ಏರಿಸಿಟ್ಟಾಗ, ಹಸಿವಿರುವ ಬ್ಯಾಟರಿಗೆ 28.5 ಸಿಕ್ಕಿ, ಹೊಟ್ಟೆ ತುಂಬಿದ ಬ್ಯಾಟರಿಗೆ ಗಂಟೆಗಟ್ಟಲೆ 29.4 ಬೀಳುತ್ತಿತ್ತು. ಬೇಕಾದಾಗ ಕಡಿಮೆ, ಬೇಡವಾದಾಗ ಹೆಚ್ಚು. ಕೇಬಲಿನ ದೋಷವನ್ನು ಅಂಕಿಯಿಂದ ಮುಚ್ಚಲು ಸಾಧ್ಯವಿಲ್ಲ.

ಅದರ ಮೇಲೆ ಸೆಖೆಯ ಲೆಕ್ಕ ಬೇರೆ. ಕಂಟ್ರೋಲರಿನ ಅಂಕಿಗಳೆಲ್ಲ 25 ಡಿಗ್ರಿಗೆ ಹೇಳಿದವು. ಬ್ಯಾಟರಿ ಬಿಸಿಯಾದಷ್ಟೂ ವೋಲ್ಟೇಜ್ ಇಳಿಸಬೇಕು. ನಮ್ಮ ಕಂಟ್ರೋಲರಿನಲ್ಲಿ ಅದು ಪ್ರತಿ ಸೆಲ್ಲಿಗೆ ಪ್ರತಿ ಡಿಗ್ರಿಗೆ 3 ಮಿಲಿವೋಲ್ಟ್. 24 ವೋಲ್ಟಿನಲ್ಲಿ ಹನ್ನೆರಡು ಸೆಲ್‌ಗಳಿರುವುದರಿಂದ ಡಿಗ್ರಿಗೆ 36 ಮಿಲಿವೋಲ್ಟ್, 39 ಡಿಗ್ರಿಯಾದರೆ 14 ಡಿಗ್ರಿಯ ವ್ಯತ್ಯಾಸಕ್ಕೆ ಅರ್ಧ ವೋಲ್ಟ್. ಆದರೆ ಇದನ್ನೆಲ್ಲ ಮಾಡಲು ಬ್ಯಾಟರಿಗೆ ಅಂಟಿಸುವ ತಾಪದ ಸೆನ್ಸರ್ ಬೇಕು. ಅದನ್ನು ಹಾಕದಿದ್ದರೆ ಈ ಕಂಟ್ರೋಲರ್ ಬ್ಯಾಟರಿ ಯಾವಾಗಲೂ 25 ಡಿಗ್ರಿಯಲ್ಲಿದೆ ಎಂದೇ ತಿಳಿದುಕೊಳ್ಳುತ್ತದೆ. ನಮ್ಮದರಲ್ಲಿ ಸೆನ್ಸರಿನ ಕಿಂಡಿಗೆ ಕಾರ್ಖಾನೆಯ ರಬ್ಬರಿನ ಮುಚ್ಚಳ ಹಾಗೆಯೇ ಇತ್ತು.

ಏಪ್ರಿಲ್ 19: ಕಂಟ್ರೋಲರನ್ನು ಸ್ಥಳಾಂತರಿಸಿದ್ದು

ಬಿಸು (ನಮ್ಮ ಸೌರ ಯುಗಾದಿ) ಕಳೆದ ಮೇಲೆ ಒಂದು ದಿನ ಪೂರ್ತಿ ಈ ಕೆಲಸಕ್ಕೆ ಇಟ್ಟುಕೊಂಡೆ. ಕೆಲಸಕ್ಕೆ ಮೊದಲು ಕೈಯ ಉಂಗುರ ತೆಗೆದಿಟ್ಟು, ಸ್ಪ್ಯಾನರಿನ ಹಿಡಿಗೆ ತುದಿಯವರೆಗೆ ಇನ್ಸುಲೇಷನ್ ಟೇಪ್ ಸುತ್ತಿದೆ. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಈ ಕ್ರಮ ತಪ್ಪಬಾರದು, ಏಕೆಂದರೆ ಇದು 12 ವೋಲ್ಟಿನ ವ್ಯವಸ್ಥೆಯೋ 24 ವೋಲ್ಟಿನದೋ ಎಂಬುದನ್ನು ಕಂಟ್ರೋಲರ್ ಬ್ಯಾಟರಿಯನ್ನು ಕಂಡೇ ನಿರ್ಧರಿಸುತ್ತದೆ, ಮತ್ತು ಬ್ಯಾಟರಿ ಇಲ್ಲದೆ ಪ್ಯಾನೆಲ್ ಮಾತ್ರ ತಾಗಿದರೆ ಕಂಟ್ರೋಲರೇ ಸುಟ್ಟುಹೋಗುವ ಅಪಾಯವಿದೆ.

ಕಂಟ್ರೋಲರನ್ನು ಬ್ಯಾಟರಿ ಕೋಣೆಯ ಗೋಡೆಗೆ ತಂದೆ, ಆದರೆ ಬ್ಯಾಟರಿಯ ನೇರ ಮೇಲಕ್ಕಲ್ಲ. ಆಮ್ಲದ ಆವಿ ಏರುವುದರಿಂದ 60 ಸೆಂಟಿಮೀಟರು ಬದಿಗೆ ಸರಿಸಿ ಹಾಕಿದೆ. ಕೇಬಲ್ 10 ಚದರ ಮಿಲಿಮೀಟರಿನದು, ಒಂದೊಂದು ಬದಿಗೆ 1.2 ಮೀಟರು. ಲಗ್ಗುಗಳನ್ನು ಈ ಸಲ ಸರಿಯಾದ ಕ್ರಿಂಪಿಂಗ್ ಇಕ್ಕುಳದಿಂದ ಒತ್ತಿದೆ; ಅದನ್ನು ಪರಿಚಯದ ಎಲೆಕ್ಟ್ರಿಷಿಯನ್ ಒಂದು ದಿನಕ್ಕೆ ಕೊಟ್ಟರು. ಪಾಸಿಟಿವ್ ತಂತಿಗೆ ಬ್ಯಾಟರಿಯ ಹತ್ತಿರವೇ 40 ಆಂಪಿಯರಿನ ಫ್ಯೂಸ್ ಸೇರಿಸಿದೆ. ಮೊದಲು ಅಲ್ಲಿ ಏನೂ ಇರಲಿಲ್ಲ. ಪರದೆಯನ್ನು ನೋಡುವ ಅಪ್ಪನ ಅಭ್ಯಾಸ ತಪ್ಪಬಾರದೆಂದು, ತಂತಿ ಎಳೆದು ಕಂಟ್ರೋಲರಿನಿಂದ ದೂರ ಇಡಬಹುದಾದ ಮೀಟರಿನ ಪರದೆಯನ್ನು ಚಾವಡಿಯಲ್ಲಿಯೇ ಉಳಿಸಿದೆ.

ಕಂಟ್ರೋಲರ್ ಹಿಂದೆ ಹೋದಷ್ಟು ಪ್ಯಾನೆಲಿನ ತಂತಿ ಉದ್ದವಾಯಿತು. ಅಲ್ಲಿ ಮುಕ್ಕಾಲು ವೋಲ್ಟಿನಷ್ಟು ಹೆಚ್ಚು ಕಳೆಯುತ್ತದೆ, ಆದರೆ 38 ವೋಲ್ಟಿನಲ್ಲಿ ಅದು ಶೇಕಡಾ ಎರಡೂ ಆಗುವುದಿಲ್ಲ, ಮತ್ತು ಬ್ಯಾಟರಿಯ ವೋಲ್ಟೇಜನ್ನು ಅಳೆಯುವ ಕೆಲಸಕ್ಕೆ ಅದರಿಂದ ಬಾಧೆಯಿಲ್ಲ. ಪ್ಯಾನೆಲ್‌ಗಳನ್ನು ಸರಣಿಗೆ ಬದಲಾಯಿಸಿದರೆ ಈ ನಷ್ಟವೂ ಕಡಿಮೆಯಾಗುತ್ತಿತ್ತು. ಆದರೆ ಒಂದೊಂದರ ತೆರೆದ ವೋಲ್ಟೇಜ್, ಅಂದರೆ ಏನೂ ಜೋಡಿಸದಿರುವಾಗಿನ ವೋಲ್ಟೇಜ್, 46. ಎರಡು ಸೇರಿ 92. ಕಂಟ್ರೋಲರಿನ ಮಿತಿ 100 ವೋಲ್ಟ್. ಡಿಸೆಂಬರಿನ ತಂಪು ಬೆಳಗಿನಲ್ಲಿ ಪ್ಯಾನೆಲಿನ ವೋಲ್ಟೇಜ್ ಇನ್ನೂ ಏರುವುದರಿಂದ ಅಷ್ಟು ಹತ್ತಿರ ಹೋಗಲು ನನಗೆ ಧೈರ್ಯ ಬರಲಿಲ್ಲ.

ತಾಪದ ಸೆನ್ಸರನ್ನು ಎರಡು ಬ್ಯಾಟರಿಗಳ ನಡುವಿನ ಬದಿಗೆ, ಆಮ್ಲದ ಮಟ್ಟಕ್ಕಿಂತ ಕೆಳಗೆ, ಟೇಪಿನಿಂದ ಅಂಟಿಸಿದೆ. ತಗಡಿನ ಶೀಟಿನ ಮೇಲೆ ತೋಟದಿಂದ ತಂದ ಅಡಿಕೆ ಸೋಗೆಯನ್ನು ಎರಡು ಪದರ ಹರಡಿ ಕಟ್ಟಿದೆವು. ಖರ್ಚಿಲ್ಲದ ಆ ಕೆಲಸದಿಂದ ಮಧ್ಯಾಹ್ನದ ಬ್ಯಾಟರಿ ತಾಪ 39ರಿಂದ 35 ಡಿಗ್ರಿಗೆ ಇಳಿಯಿತು. ಇದನ್ನು ಎರಡು ವರ್ಷ ಮೊದಲೇ ಮಾಡಬೇಕಿತ್ತು.

ಮರುದಿನ 18 ಆಂಪಿಯರ್ ಹರಿಯುವಾಗ ಅಳೆದರೆ ಕಂಟ್ರೋಲರಿಗೂ ಬ್ಯಾಟರಿಗೂ ಇರುವ ಅಂತರ 0.12 ವೋಲ್ಟ್.

ಏಪ್ರಿಲ್ 22: ಅಂಕಿಗಳನ್ನು ತುಂಬಿಸಿದ್ದು

ಇಲ್ಲಿ ಒಂದು ಸಂಜೆ ಪೂರ್ತಿ ವ್ಯರ್ಥವಾಯಿತು. ಸೆಲ್‌ಗಳನ್ನು ಸಮ ಮಾಡಲು ಹೆಚ್ಚು ವೋಲ್ಟೇಜಿನಲ್ಲಿ ಕುದಿಸುವ ‘ಈಕ್ವಲೈಸ್’ ತಾನಾಗಿ ನಡೆಯಬಾರದು ಎಂಬ ಯೋಚನೆಯಿಂದ ಅದರ ವೋಲ್ಟೇಜನ್ನು ಬೂಸ್ಟಿಗಿಂತ ಕೆಳಗೆ ಇಟ್ಟು ಒಪ್ಪಿಗೆಯ ಗುಂಡಿ ಒತ್ತಿದೆ. ಕಂಟ್ರೋಲರ್ ಯಾವ ಅಂಕಿ ತಪ್ಪೆಂದು ಹೇಳದೆ ಎಲ್ಲವನ್ನೂ ತಿರಸ್ಕರಿಸಿ ಹಳೆಯದಕ್ಕೆ ಮರಳಿತು. ಐದಾರು ಸಲ ಪ್ರಯತ್ನಿಸಿ, ಕೊನೆಗೆ ಕೈಪಿಡಿಯ ಹಿಂದಿನ ಪುಟದಲ್ಲಿ ನಿಯಮ ಸಿಕ್ಕಿತು: ಚಾರ್ಜಿನ ಗರಿಷ್ಠ ಮಿತಿ ಈಕ್ವಲೈಸಿಗಿಂತ ಕಡಿಮೆಯಿರಬಾರದು, ಈಕ್ವಲೈಸ್ ಬೂಸ್ಟಿಗಿಂತ, ಬೂಸ್ಟ್ ಫ್ಲೋಟಿಗಿಂತ ಕಡಿಮೆಯಿರಬಾರದು, ಮತ್ತು ಫ್ಲೋಟ್ ಯಾವಾಗಲೂ ‘ಮತ್ತೆ ಬೂಸ್ಟ್’ ಅಂಕಿಗಿಂತ (ಬ್ಯಾಟರಿ ಅಷ್ಟಕ್ಕಿಂತ ಇಳಿದರೆ ಬೂಸ್ಟ್ ಮತ್ತೆ ಆರಂಭವಾಗುವ ವೋಲ್ಟೇಜಿಗಿಂತ) ಮೇಲಿರಬೇಕು. ಮೆಟ್ಟಿಲಿನಂತೆ ಇಳಿಯುವ ಈ ಸಾಲಿನಲ್ಲಿ ಒಂದು ತಪ್ಪಿದರೂ ಅದು ಸ್ವೀಕರಿಸುವುದಿಲ್ಲ. ಈಕ್ವಲೈಸ್ ಬೇಡವೆಂದರೆ ಅದರ ಅವಧಿಯನ್ನು 0 ನಿಮಿಷ ಮಾಡಬೇಕು, ವೋಲ್ಟೇಜನ್ನು ಮುಟ್ಟಬಾರದು.

ಕಾಗದದಲ್ಲಿ ಮೊದಲು ಬರೆದುಕೊಂಡು ತುಂಬಿಸಿದ ಅಂಕಿಗಳು ಹೀಗಿವೆ, ಎಲ್ಲವೂ 24 ವೋಲ್ಟಿನ ವ್ಯವಸ್ಥೆಗೆ:

ಜಾತಿ: ಯೂಸರ್. ಸಾಮರ್ಥ್ಯ: 150 ಆಂಪಿಯರ್-ಅವರ್.
ತಾಪದ ತಿದ್ದುಪಡಿ: ಡಿಗ್ರಿಗೆ ಸೆಲ್ಲಿಗೆ ಮೈನಸ್ 3 ಮಿಲಿವೋಲ್ಟ್.
ಅಧಿಕ ವೋಲ್ಟೇಜಿನ ಕಡಿತ: 32.0. ಚಾರ್ಜಿನ ಗರಿಷ್ಠ ಮಿತಿ: 30.0.
ಈಕ್ವಲೈಸ್: 29.6, ಅವಧಿ 0 ನಿಮಿಷ.
ಬೂಸ್ಟ್: 29.0, ಅವಧಿ 180 ನಿಮಿಷ.
ಫ್ಲೋಟ್: 27.2. ಮತ್ತೆ ಬೂಸ್ಟ್: 26.4.
ಕಡಿಮೆ ವೋಲ್ಟೇಜಿನ ಕಡಿತ: 23.4. ಮತ್ತೆ ಜೋಡಣೆ: 25.2.

ಬ್ಯಾಟರಿಯ ಕೈಪಿಡಿ ಒಂದೊಂದಕ್ಕೆ 14.4ರಿಂದ 14.8 ವೋಲ್ಟ್ ಬೂಸ್ಟ್ ಹೇಳುತ್ತದೆ. ನಾನು 14.5ನ್ನು ಆರಿಸಿಕೊಂಡದ್ದು ನಮ್ಮ ಸೆಖೆಯನ್ನು ನೋಡಿ. ಸೆನ್ಸರ್ ಹಾಕಿದ ಮೇಲೆ 35 ಡಿಗ್ರಿಯಲ್ಲಿ 29.0 ತಾನಾಗಿ 28.64ಕ್ಕೆ ಇಳಿಯುವುದನ್ನು ಮೀಟರಿನಲ್ಲಿ ಕಂಡು ಖಾತ್ರಿ ಮಾಡಿಕೊಂಡೆ. 180 ನಿಮಿಷಕ್ಕಿಂತ ಹೆಚ್ಚು ಅವಧಿ ಕೊಡಲು ಈ ಕಂಟ್ರೋಲರ್ ಬಿಡುವುದಿಲ್ಲ. ಮೂರು ಗಂಟೆ ಕಳೆಯುವಾಗ ಕರೆಂಟು 3.5 ಆಂಪಿಯರಿಗೆ ಬರುತ್ತಿದೆ, ಅಷ್ಟು ಸಾಕು.

ಕಡಿಮೆ ವೋಲ್ಟೇಜಿನ ಕಡಿತದ ಬಗ್ಗೆ ಒಂದು ಮಾತು. ಅದು ಕಂಟ್ರೋಲರಿನ ಲೋಡ್ ತುದಿಗೆ ಕಟ್ಟಿದ ಸಾಮಾನಿಗೆ ಮಾತ್ರ ಅನ್ವಯಿಸುತ್ತದೆ. ಇನ್ವರ್ಟರ್ ನೇರವಾಗಿ ಬ್ಯಾಟರಿಯಿಂದಲೇ ಎಳೆಯುವುದರಿಂದ, ಕಂಟ್ರೋಲರಿನಲ್ಲಿ ಏನು ಬರೆದರೂ ಅದಕ್ಕೆ ತಡೆಯಿಲ್ಲ. ಅದು ತನ್ನದೇ ಮಿತಿಯಾದ 21 ವೋಲ್ಟಿನವರೆಗೆ ಬ್ಯಾಟರಿಯನ್ನು ಹಿಂಡುತ್ತದೆ. ಆ ಅಂಕಿಯನ್ನು ನಮ್ಮ ಇನ್ವರ್ಟರಿನಲ್ಲಿ ಬದಲಾಯಿಸಲು ಬರುವುದಿಲ್ಲ. ಚಾವಡಿಯ ಪರದೆಯಲ್ಲಿ 23.6 ಕಂಡರೆ ಟಿವಿ ಮತ್ತು ಎರಡು ಫ್ಯಾನ್ ನಿಲ್ಲಿಸುವುದು ಎಂದು ಮನೆಯಲ್ಲಿ ಒಪ್ಪಂದ ಮಾಡಿಕೊಂಡಿದ್ದೇವೆ.

ಏಪ್ರಿಲ್ 27: ಎರಡು ಚಾರ್ಜರುಗಳು ಒಂದೇ ಬ್ಯಾಟರಿಗೆ

ಹೊಸ ಅಂಕಿಗಳ ಮೇಲೂ ಎರಡು ದಿನ ಗ್ರಾವಿಟಿ ಮೇಲೇರಲಿಲ್ಲ. ಬೆಳಗ್ಗೆ ಒಂಬತ್ತಕ್ಕೇ ಕಂಟ್ರೋಲರ್ ಬೂಸ್ಟಿನ ಹಂತಕ್ಕೆ ತಲುಪಿತ್ತು, ಸೋಲಾರಿನಿಂದ ಹರಿಯುತ್ತಿದ್ದದ್ದು 4 ಆಂಪಿಯರ್ ಮಾತ್ರ. ಹುಡುಕಿದರೆ, ಇನ್ವರ್ಟರ್ ಅದೇ ಹೊತ್ತಿನಲ್ಲಿ ಕರೆಂಟಿನಿಂದ ಬ್ಯಾಟರಿಗೆ ತುಂಬಿಸುತ್ತಿತ್ತು. ಎರಡೂ ಕೂಡಿ ವೋಲ್ಟೇಜನ್ನು ಬೇಗ ಏರಿಸಿದವು, ಸೋಲಾರಿನ ಮೂರು ಗಂಟೆಯ ಗಡಿಯಾರ ಬಿಸಿಲು ಏರುವ ಮೊದಲೇ ಓಡಿ ಮುಗಿಯಿತು, ಮತ್ತು ಇನ್ವರ್ಟರಿನ ಚಾರ್ಜರ್ ತನ್ನ ಲೆಕ್ಕದಲ್ಲಿ ಹಿಂದೆ ಸರಿಯಿತು. ಒಂದನ್ನು ನಂಬಿ ಇನ್ನೊಂದು ಕೆಲಸ ಬಿಟ್ಟ ಹಾಗಾಯಿತು. ಈಗ ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಇನ್ವರ್ಟರಿಗೆ ಬರುವ ಕರೆಂಟಿನ ಎಂಸಿಬಿ ಸ್ವಿಚ್ಚನ್ನು ಇಳಿಸಿಡುತ್ತೇವೆ. ಅಮ್ಮ ಬೆಳಗ್ಗೆ ಹಟ್ಟಿಯ ಕೆಲಸ ಮುಗಿಸಿ ಬರುವಾಗ ಅದನ್ನು ಇಳಿಸುವ ಜವಾಬ್ದಾರಿ ತೆಗೆದುಕೊಂಡಿದ್ದಾರೆ, ಒಂದು ದಿನವೂ ಮರೆತಿಲ್ಲ.

ಮೇ 3 ಮತ್ತು 4: ಕೈಯಾರೆ ಈಕ್ವಲೈಸ್

ಸೆಲ್‌ಗಳ ನಡುವಿನ ವ್ಯತ್ಯಾಸ ಕಳೆಯಲು ಒಮ್ಮೆ ಹೆಚ್ಚು ವೋಲ್ಟೇಜಿನಲ್ಲಿ ಕುದಿಸುವುದು ಅಗತ್ಯವಾಗಿತ್ತು. ಇದನ್ನು ಕಂಟ್ರೋಲರಿನ ಪಂಚಾಂಗಕ್ಕೆ ಬಿಡದೆ, ನಾನು ಎದುರಿಗೇ ಇದ್ದು ಮಾಡಲು ನಿರ್ಧರಿಸಿದೆ. ಈ ಹಂತದಲ್ಲಿ ಜಲಜನಕ ಹೊರಬರುತ್ತದೆ. ಆದ್ದರಿಂದ ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಹತ್ತಿರ ಬೀಡಿ ಹಚ್ಚಬಾರದೆಂದು ತೋಟದ ಕೆಲಸಕ್ಕೆ ಬಂದವರಿಗೂ ಹೇಳಿದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಗವಸು. ಕಾಲಿಗೆ ಮಾತ್ರ ಏನೂ ಯೋಚಿಸದೆ ಪಂಚೆ ಉಟ್ಟಿದ್ದೆ. ಹೈಡ್ರೋಮೀಟರಿನ ತುದಿಯಿಂದ ಬಿದ್ದ ಒಂದು ಹನಿಗೆ ಮರುದಿನ ಒಗೆದಾಗ ಅದರಲ್ಲಿ ಎಂಟಾಣೆಯಗಲದ ತೂತು ಬಿತ್ತು.

ಮೊದಲ ದಿನ ಬೂಸ್ಟ್ ಮುಗಿದ ಮೇಲೆ ಈಕ್ವಲೈಸಿನ ಅವಧಿಯನ್ನು 120 ನಿಮಿಷಕ್ಕೆ ಇಟ್ಟು 29.6ಕ್ಕೆ ಏರಿಸಿದೆ; ಬ್ಯಾಟರಿ 34 ಡಿಗ್ರಿಯಲ್ಲಿದ್ದುದರಿಂದ ನಿಜವಾಗಿ ಸಿಕ್ಕಿದ್ದು 29.28. ಗಂಟೆಗೊಮ್ಮೆ ಎಲ್ಲ ಸೆಲ್‌ಗಳನ್ನು ಅಳೆದೆ. ಮೂರೂವರೆಯ ಹೊತ್ತಿಗೆ ಗುಡುಗು ಮೋಡ ಕವಿದು ನಿಲ್ಲಿಸಬೇಕಾಯಿತು. ಮರುದಿನ ಮುಂದುವರಿಸಿದಾಗ ಹನ್ನೊಂದು ಸೆಲ್‌ಗಳು 1.235ಕ್ಕೆ ಬಂದು ನಿಂತವು, ಗಂಟೆಯ ಅಂತರದಲ್ಲಿ ಮೂರು ಸಲ ಅಳೆದರೂ ಏರಲಿಲ್ಲ. ಎರಡನೆಯ ಬ್ಯಾಟರಿಯ ನಾಲ್ಕನೆಯ ಸೆಲ್ 1.215ರಲ್ಲಿ ಉಳಿಯಿತು. ಹೈಡ್ರೋಮೀಟರ್ 27 ಡಿಗ್ರಿಗೆ ಸರಿಹೊಂದಿಸಿದ್ದು. ಮೇಲಿನ ಪ್ರತಿ ಡಿಗ್ರಿಗೆ 0.0007 ಕೂಡಿಸಬೇಕು, 34 ಡಿಗ್ರಿಗೆ 0.005. ಆ ಲೆಕ್ಕದಲ್ಲಿ ಹನ್ನೊಂದೂ 1.240 ಮುಟ್ಟಿದವು. ಅಂಗಡಿಯವರು ಸತ್ತುಹೋಗಿದೆ ಎಂದ ಬ್ಯಾಟರಿಗಳವು. ಆ ಸಂಜೆ ಅವಧಿಯನ್ನು ಮತ್ತೆ 0 ಮಾಡಿ, ಎಲ್ಲ ಸೆಲ್‌ಗಳಿಗೆ ನೀರು ತುಂಬಿಸಿದೆ. ನೀರು ಚಾರ್ಜಿನ ಅನಂತರವೇ ಹಾಕಬೇಕು. ಮೊದಲೇ ಗೆರೆಯವರೆಗೆ ತುಂಬಿಸಿದರೆ ಕುದಿಯುವಾಗ ಉಕ್ಕಿ ಆಮ್ಲ ಹೊರಬರುತ್ತದೆ. ತಗಡುಗಳು ಕಾಣುವಷ್ಟು ಇಳಿದಿದ್ದರೆ ಮಾತ್ರ ಮುಳುಗುವಷ್ಟನ್ನು ಮೊದಲು ಹಾಕಿಕೊಳ್ಳಬೇಕು.

ಖರ್ಚು

ಹೈಡ್ರೋಮೀಟರ್ 180, ಡಿಸ್ಟಿಲ್ಡ್ ವಾಟರ್ ಮೂರು ಕ್ಯಾನ್ 330, ಕ್ಲ್ಯಾಂಪ್ ಮೀಟರ್ 2,350, 10 ಚದರ ಮಿಲಿಮೀಟರಿನ ಕೇಬಲ್ ಮೂರು ಮೀಟರು 390, ಲಗ್ಗು ಎಂಟು 160, ಫ್ಯೂಸ್ ಮತ್ತು ಅದರ ಗೂಡು 260, ತಾಪದ ಸೆನ್ಸರ್ 480, ಪ್ಯಾನೆಲಿನ ತಂತಿ ಒಂಬತ್ತು ಮೀಟರು 432. ಒಟ್ಟು 4,582 ರೂಪಾಯಿ. ಮೀಟರ್ ಮುಂದೆ ಪಂಪಿನ ಕೆಲಸಕ್ಕೂ ಬರುವುದರಿಂದ ಅದನ್ನು ಪೂರ್ತಿಯಾಗಿ ಈ ಲೆಕ್ಕಕ್ಕೆ ಹಾಕಬೇಕೇ ಎಂದು ಅಪ್ಪ ಕೇಳಿದರು. ನಾನು ಹಾಕಿದ್ದೇನೆ, ಏಕೆಂದರೆ ಅದಿಲ್ಲದೆ ಈ ಕೆಲಸ ಆಗುತ್ತಲೇ ಇರಲಿಲ್ಲ.

ಜುಲೈ 14: ಮಳೆಗಾಲದ ಪರೀಕ್ಷೆ

ವರ್ಷಕ್ಕೆ 3,000 ಮಿಲಿಮೀಟರು ಮೀರಿ ಮಳೆ ಸುರಿಯುವ ನಮ್ಮಲ್ಲಿ ಜೂನ್‌-ಜುಲೈ ತಿಂಗಳುಗಳೇ ನಿಜವಾದ ಪರೀಕ್ಷೆ. ಸತತ ಐದು ದಿನ ಬೂಸ್ಟಿನ ಹಂತ ಮುಟ್ಟದಿದ್ದರೆ ಆ ರಾತ್ರಿ ಕರೆಂಟಿನಿಂದಲೇ ಪೂರ್ತಿ ತುಂಬಿಸುವುದು ಎಂದು ಮೊದಲೇ ಗೊತ್ತುಮಾಡಿದ್ದೆವು. ಜೂನಿನಲ್ಲಿ ಎರಡು ಸಲ ಹಾಗೆ ಮಾಡಿದೆವು. ‘ಮತ್ತೆ ಬೂಸ್ಟ್’ ಅಂಕಿಯನ್ನು ಮಳೆಗಾಲಕ್ಕೆಂದು 26.4ರಿಂದ 26.8ಕ್ಕೆ ಏರಿಸಿದೆ. ಮೋಡ ಸರಿದು ಬಿಸಿಲು ಬಿದ್ದ ಅರ್ಧ ಗಂಟೆಯನ್ನೂ ಕಂಟ್ರೋಲರ್ ಫ್ಲೋಟಿನಲ್ಲಿ ಕಳೆಯದೆ ಬಳಸಿಕೊಳ್ಳಲಿ ಎಂದು ಹೀಗೆ ಮಾಡಿದ್ದು. ಅಕ್ಟೋಬರಿನಲ್ಲಿ ಮತ್ತೆ ಇಳಿಸಬೇಕು. ತಗಡಿನ ಮೇಲಿನ ಸೋಗೆಯನ್ನು ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ಹೊತ್ತಿಗೇ ತೆಗೆದಿದ್ದೆವು, ಇಲ್ಲದಿದ್ದರೆ ಕೊಳೆತು ನೀರು ಕಟ್ಟುತ್ತಿತ್ತು.

ಜುಲೈ 11ರ ರಾತ್ರಿ ಹೋದ ಕರೆಂಟು 13ರ ಮಧ್ಯಾಹ್ನ ಬಂತು. ಮೂವತ್ತೆಂಟು ಗಂಟೆ. ಒಂದು ಫ್ಯಾನ್, ದೀಪಗಳು ಮತ್ತು ಇಂಟರ್‌ನೆಟ್ಟಿನ ಪೆಟ್ಟಿಗೆ ಇಟ್ಟುಕೊಂಡು, ನಡುವೆ ಸಿಕ್ಕಿದ ಮಂಕು ಬಿಸಿಲಿನ ಚಾರ್ಜ್ ಸೇರಿಸಿ, ಬ್ಯಾಟರಿ 24.1ಕ್ಕಿಂತ ಕೆಳಗೆ ಇಳಿಯಲಿಲ್ಲ.

ಆಗಸ್ಟ್ 2

ಏಪ್ರಿಲ್ ಕೊನೆಯಿಂದ ಇಂದಿನವರೆಗೆ ಹಾಕಿದ ನೀರು ಎಲ್ಲ ಸೆಲ್‌ಗಳಿಗೆ ಸೇರಿ ಒಂದು ಲೀಟರೂ ಇಲ್ಲ. ಲಗ್ಗುಗಳಿಗೆ ಬಳಿದ ವ್ಯಾಸಲೀನ್ ಹಾಗೆಯೇ ಇದೆ, ಮೈಲುತುತ್ತಿನ ಬಣ್ಣ ಕಾಣಿಸಿಲ್ಲ. ಗ್ರಾವಿಟಿ ಹನ್ನೊಂದು ಸೆಲ್‌ಗಳಲ್ಲಿ 1.235ರಿಂದ 1.240. ನಾಲ್ಕನೆಯ ಸೆಲ್ 1.225ಕ್ಕೆ ಬಂದಿದೆ, ಇನ್ನೂ ಹಿಂದೆಯೇ ಇದೆ. ತಿಂಗಳ ಅಂಕಿಗಳನ್ನು ಬ್ಯಾಟರಿ ಕೋಣೆಯ ಬಾಗಿಲ ಹಿಂದೆ ಸೀಸದ ಕಡ್ಡಿಯಿಂದ ಬರೆಯುತ್ತ ಬಂದಿದ್ದೇನೆ. ಅದರ ಕೆಳಗೆ ಮುಂದಿನ ಈಕ್ವಲೈಸಿಗೆ ನವೆಂಬರಿನ ಮೊದಲ ವಾರ ಎಂದು ಗುರುತು ಹಾಕಿದೆ.